ಹಸಿರು ಕುಬಸದ ತೋಳು

ತುಪ್ಪದ ವಾಸನೆ ಮೊದಲು ಬರುತ್ತದೆ, ಆಮೇಲೆ ಬಳೆಯ ಸಪ್ಪಳ, ಆಮೇಲೆ ಬೆರಳು — ಅರಿಶಿನ ಹತ್ತಿದ ಉಗುರು, ಎರಡು ಬೆರಳ ನಡುವೆ ಹೋಳಿಗೆಯ ಚೂರು, ತುರ್ವಿಹಾಳದಿಂದ ಬಂದ ಮಾವನ ಅಕ್ಕ ಇವರು, ಬಾಯಿ ತಗಿ ನಮ್ಮವ್ವ, ದೊಡ್ಡದಾಗಿ ತಗಿ, ನಾಚ್ಕೋಬ್ಯಾಡ, ನಾಚಿಕೆ ಯಾರಿಗಿದೆ, ತೆಗೆಯುತ್ತೇನೆ, ಕಡಲೆಕಾಳು ಹೋಗುವಷ್ಟು ತೆಗೆಯುತ್ತೇನೆ, ಹಲ್ಲಿನಿಂದ ಅಂಚು ಕಚ್ಚಿ ಉಳಿದದ್ದನ್ನು ಅವರ ಕೈಯಲ್ಲೇ ಬಿಡುತ್ತೇನೆ, ಅವರು ಮೂಗು ಮುರಿದರೆ ಮುರಿಯಲಿ, ಇದು ನಾಲ್ಕನೆಯದು, ಇನ್ನೊಂದು ಬಾಕಿ, ಐದು ಮಂದಿ ಮುತ್ತೈದೆಯರಿಗೆ ಐದು ಚೂರು, ಐದೂ ಸೇರಿದರೆ ಕಾಲು ಹೋಳಿಗೆ, ಕಾಲು ಹೋಳಿಗೆಗೆ ನನ್ನ ಮೈ ಏನು ಮಾಡುತ್ತದೆ ಅಂತ ನನಗೆ ಗೊತ್ತು, ಹೋದ ವಾರ ಅಡುಗೆಮನೆಯ ಕದ ಮುಂದೆ ಮಾಡಿಕೊಂಡು ತಿಂದು ನೋಡಿದ್ದೇನೆ, ಮೊದಲು ಪುಂಡಿಪಲ್ಯ, ಆಮೇಲೆ ಹೆಸರುಕಾಳು, ಆಮೇಲೆ ಅರ್ಧ ಜೋಳದ ರೊಟ್ಟಿ, ಕಟ್ಟಕಡೆಗೆ ಈ ಕಾಲು ಹೋಳಿಗೆ, ತಿಂದು ಮಾಳಿಗೆ ಮೇಲೆ ಅತ್ತಿಂದಿತ್ತ ಓಡಾಡಿ ಫೋನು ನೋಡಿದರೆ ನನ್ನ ಮೈಯ ಸಕ್ಕರೆ ತೋರಿಸುವ ಗೆರೆ ಸ್ವಲ್ಪ ತಲೆ ಎತ್ತಿ ಮತ್ತೆ ಸುಮ್ಮನೆ ಮಲಗಿತ್ತು, ಅಲ್ಲಿಗೆ ನನ್ನ ಗಡಿ ನನಗೆ ತಿಳಿಯಿತು, ಇವತ್ತೂ ಹಾಗೇ ಮಾಡಿದ್ದೇನೆ, ಹಸಿರು ಸೀರೆ ಉಟ್ಟು ಈ ಮಣೆಯ ಮೇಲೆ ಕೂರುವ ಮೊದಲೇ ಪಲ್ಯ ರೊಟ್ಟಿ ಹೊಟ್ಟೆಗೆ ಹಾಕಿಕೊಂಡು ಬಂದಿದ್ದೇನೆ, ಏಳನೇ ತಿಂಗಳ ಕುಬಸ, ಹೊಸ ರವಿಕೆ ತೊಡಿಸಿ ಉಣಿಸುವ ಶಾಸ್ತ್ರ, ಬಸುರಿ ತನ್ನ ಬಾಯಿಯ ಹತ್ತಿರ ಬಂದದ್ದನ್ನು ಒಲ್ಲೆ ಅನ್ನಬಾರದಂತೆ, ಅನ್ನುವುದಿಲ್ಲ, ಐದು ಸಲ ಅನ್ನುವುದಿಲ್ಲ, ಆರನೆಯದಕ್ಕೆ ಅನ್ನುತ್ತೇನೆ. ಈ ಮಾತು ಅತ್ತೆಗೂ ಹೇಳಿದ್ದೇನೆ, ಜಂಬಮ್ಮನವರಿಗೆ, ನೆಟ್ಟಗೆ ಮುಖ ನೋಡಿ ಹೇಳಿದ್ದೇನೆ, ಅವರು ಹೂಂ ಅಂದಿದ್ದಾರೆ, ಆದರೆ ಅತ್ತೆಯ ಹೂಂ ಹೇಗಿರುತ್ತದೆ ಅಂತ ಈ ಮನೆಯ ಬಾಗಿಲ ಹೊಸ್ತಿಲಿಗೂ ಗೊತ್ತು.

ಎಡತೋಳು ಜೋಮು ಹಿಡಿದಂತಿದೆ, ಕುಬಸದ ತೋಳು ಬಿಗಿ, ಎಷ್ಟು ಬಿಗಿ ಅಂದರೆ ಕೈ ಎತ್ತಿದರೆ ಕಂಕುಳಲ್ಲಿ ಹೊಲಿಗೆ ಕಟಕಟ ಅನ್ನುತ್ತದೆ, ನಿನ್ನೆ ಸಂಜೆ ತೊಟ್ಟು ನೋಡಿದಾಗ ಹೀಗಿರಲಿಲ್ಲ, ದಾವಲ್‌ಬೀ ಹೊಲಿದು ತಂದಾಗ ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲ ಇತ್ತು, ಅವಳೇ ಬೆರಳು ಹಾಕಿ ತೋರಿಸಿದ್ದಳು, ನೋಡು ಬೇಟಿ, ನಿನ್ನ ಆ ಬಿಲ್ಲಿಗೆ ಜಾಗಾ ಬಿಟ್ಟೀನಿ, ಬಿಲ್ಲೆ ಅಂದರೆ ನನ್ನ ಎಡತೋಳಿನ ಹಿಂದೆ ಅಂಟಿಸಿದ ಬಿಳಿ ಬಿಲ್ಲೆ, ದೊಡ್ಡ ನಾಣ್ಯದಷ್ಟು, ಅದರಡಿ ಕೂದಲೆಳೆಯಂಥದೊಂದು ಚರ್ಮದೊಳಗೆ ಇಳಿದು ಕೂತಿದೆ, ಹಗಲೂ ರಾತ್ರಿ ನನ್ನ ಸಕ್ಕರೆ ಎಷ್ಟಿದೆ ಅಂತ ಫೋನಿಗೆ ಹೇಳುತ್ತಿರುತ್ತದೆ, ನೋವಿಲ್ಲ, ಸ್ನಾನಕ್ಕೆ ಅಡ್ಡಿಯಿಲ್ಲ, ಅಡ್ಡಿ ಇರುವುದು ಅತ್ತೆಗೆ, ಮಂದಿ ಏನಂದಾರು, ಹೊಟ್ಯಾಗಿನ ಕೂಸಿಗೆ ಬ್ಯಾನಿ ಐತೇನೋ ಅಂತಾರ, ತುರ್ವಿಹಾಳದಾವ್ರ ಬಾಯಿ ನಿನಗ ಗೊತ್ತಿಲ್ಲ, ಗೊತ್ತಿದೆ, ಚೆನ್ನಾಗಿ ಗೊತ್ತಿದೆ, ಅದಕ್ಕೇ ತೋಳು ಮೊಣಕೈತನಕ ಇಳಿಸಿದರು, ಇಳಿಸಲಿ ಅಂತ ನಾನೂ ಸುಮ್ಮನಿದ್ದೆ, ಆದರೆ ಬಟ್ಟೆಯ ಮೇಲೆ ಬಿಲ್ಲೆ ಉಬ್ಬಿ ಕಾಣುತ್ತದೆ ಅಂತ ಬೆಳಿಗ್ಗೆ ನಾನು ನೀರು ಹಾಕಿಕೊಳ್ಳುವ ಹೊತ್ತಿಗೆ ಯಾರಿಗೋ ಕೊಟ್ಟು ಇನ್ನೊಂದು ಹೊಲಿಗೆ ಹೊಡೆಸಿ ಬಿಗಿ ಮಾಡಿಸಿದ್ದಾರಲ್ಲ, ಅದು ಈಗ ತಿಳಿಯುತ್ತಿದೆ, ಬಟ್ಟೆ ಬಿಲ್ಲೆಯನ್ನು ಮಾಂಸಕ್ಕೆ ಒತ್ತುತ್ತಿದೆ, ಮುಚ್ಚಿಡಬೇಕಂತೆ, ನನ್ನ ಮೈಯಲ್ಲಿ ಏನಿದೆ ಎನ್ನುವುದನ್ನು ನನ್ನ ಮೈಯಿಂದಲೇ ಮುಚ್ಚಿಡಬೇಕಂತೆ. ಅವ್ವ ಪಕ್ಕದಲ್ಲಿ ಕೂತಿದ್ದಾಳೆ, ಮಸ್ಕಿಯಿಂದ ನಸುಕಿನ ಬಸ್ಸು ಹಿಡಿದು ಬಂದವಳು, ನನ್ನ ಫೋನು ಅವಳ ಮಡಿಲಲ್ಲಿ ಸೆರಗಿನ ಕೆಳಗಿದೆ, ಅವಳು ಅದನ್ನು ಬಿಸಿ ಪಾತ್ರೆ ಹಿಡಿದವಳ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದಾಳೆ.

ಮುಚ್ಚಿಟ್ಟು ಏನಾಯಿತು ಅಂತ ಯಾರಿಗೂ ನೆನಪಿಲ್ಲವೇ, ಈ ಪಡಸಾಲೆಯಲ್ಲಿ ಎರಡು ವರ್ಷದ ಹಿಂದೆ ಇದೇ ಮಣೆ, ಇದೇ ಗೋಡೆ, ಆಗಲೂ ಹಸಿರು, ಆಗ ಬಾಯಿ ದೊಡ್ಡದಾಗಿ ತೆಗೆದಿದ್ದೆ, ಹೋಳಿಗೆ, ಕರ್ಚಿಕಾಯಿ, ಶೇಂಗಾ ಉಂಡಿ, ಬೆಲ್ಲದನ್ನದ ಬುತ್ತಿ, ಎರಡು ಜೀವದಾಕಿ, ಎರಡು ಜೀವದ್ದು ಉಣ್ಣಬೇಕು, ಉಂಡೆ, ನನ್ನ ಹೊಟ್ಟೆ ನೋಡಿ ಎಲ್ಲರಿಗೂ ಹಿಗ್ಗು, ಸಕ್ಕರೆಯ ಪರೀಕ್ಷೆ ಮಾಡಿಸಿ ಅಂತ ಆಸ್ಪತ್ರೆಯಲ್ಲಿ ದಿನ ಕೊಟ್ಟಿದ್ದರು, ಆ ದಿನ ಗ್ರಹಣ ಬಂತು, ಗ್ರಹಣದಾಗ ಬಸುರಿ ಹೊಸ್ತಿಲ ದಾಟ್ತಾಳೇನು, ದಾಟಲಿಲ್ಲ, ಕಿಟಕಿಗೆ ಚಾದರ ಕಟ್ಟಿ ಒಳಗೆ ಮಲಗಿಸಿದರು, ಗ್ರಹಣ ಬಿಟ್ಟಿತು, ನೀರು ಹಾಕಿಕೊಂಡೆವು, ಮನೆ ತೊಳೆದೆವು, ಪರೀಕ್ಷೆಯ ಮಾತು ಮಾತ್ರ ಮತ್ತೆ ಯಾರ ಬಾಯಿಗೂ ಬರಲಿಲ್ಲ. ಕೂಸು ಹುಟ್ಟಿದಾಗ ತೂಕದ ತಟ್ಟೆಯ ಮುಂದೆ ನಿಂತು ಮಾವ ಹಂಪಣ್ಣ ನಕ್ಕರಂತೆ, ನಮ್ಮ ಹೊಲದ ಅಕ್ಕಿ ಉಂಡ ಕೂಸು, ತೂಕ ಇರದs ಇರ್ತೈತೇನು, ಕೆನ್ನೆ ತುಂಬಿ ಕಣ್ಣೇ ಕಾಣದ ಹುಡುಗಿ, ನನ್ನ ಮಗಳು, ಸಕ್ಕರೆ ಹೊಳೆಯಲ್ಲಿ ಬೆಳೆದ ಕೂಸು ಹೊರಗೆ ಬಂದ ಮೇಲೆ ಸಕ್ಕರೆ ಸಾಲದೆ ಸೊರಗುತ್ತದೆ ಅಂತ ಆಮೇಲೆ ಡಾಕ್ಟರಮ್ಮ ತಿಳಿಸಿ ಹೇಳಿದ್ದು, ಆವತ್ತು ಯಾರಿಗೆ ಗೊತ್ತಿತ್ತು, ಮಾರನೆಯ ದಿನ ಅದು ಅಳುವುದನ್ನು ಬಿಟ್ಟಿತು, ಎಷ್ಟು ಶಾಣ್ಯಾ ಕೂಸು, ಅಳೂದs ಇಲ್ಲ ಅಂದರು, ಕೈ ಕಾಲು ಬತ್ತಿಯ ಹಾಗೆ ಮೆತ್ತಗಾದಾಗ ಅತ್ತೆ ಓಡಿ ಬಂದು ಜೇನುತುಪ್ಪದಲ್ಲಿ ಬೆರಳು ಅದ್ದಿ ತುಟಿಗೆ ಹಿಡಿದರು, ಬೆಳ್ಳಿಯ ಸುತ್ತುಂಗುರದ ಬೆರಳು, ಬಾಯಿ ತಗಿ ನನ್ನ ಬಂಗಾರ, ಬಾಯಿ ತಗಿ, ಜೇನು ತುಟಿಯ ಮೇಲೆ ನಿಂತಿತು, ಗಲ್ಲಕ್ಕೆ ಇಳಿಯಿತು, ತುಟಿ ಬಿಡಲಿಲ್ಲ. ರಾಯಚೂರಿನ ಆಸ್ಪತ್ರೆಯ ದಾರಿಯಲ್ಲಿ ಮುಗಿಯಿತು.

ಸಾಕು, ಇವತ್ತು ಅದು ಬೇಡ, ಮಣೆಯ ಮೇಲೆ ಕೂತು ಅತ್ತರೆ ಅದಕ್ಕೂ ಒಂದು ಶಾಸ್ತ್ರ ಹೇಳುತ್ತಾರೆ — ಅತ್ತದ್ದು ಆಗಲೇ ಸಾಕಷ್ಟು ಆಯಿತು, ಈ ಸಲ ಮೂರನೇ ತಿಂಗಳಲ್ಲೇ ನಾನೇ ಲಿಂಗಸುಗೂರಿನ ಬಸ್ಸು ಹತ್ತಿದೆ, ಗಂಡನಿಗೆ ಹೇಳಿದೆ, ಒಪ್ಪಿಗೆ ಕೇಳಲಿಲ್ಲ, ಬರೀ ಹೇಳಿದೆ, ಚನ್ನವೀರ ಜೊತೆಗೆ ಬಂದು ಟಿಕೆಟ್ ತೆಗೆದ, ಅಷ್ಟು ಮಾಡಿದ್ದಕ್ಕೆ ಅವನ ಎಷ್ಟೋ ಮೌನವನ್ನು ಮನ್ನಿಸಿದ್ದೇನೆ, ಅಲ್ಲಿ ಡಾಕ್ಟರಮ್ಮ ರಕ್ತ ನೋಡಿ ಬಸುರಿನ ಸಕ್ಕರೆ ಮತ್ತೆ ಬಂದಿದೆ ಅಂದರು, ಊಟದ ವಿಚಾರ ನೋಡುವ ಹುಡುಗಿ ಅಶ್ವಿನಿ ತೋಳಿಗೆ ಬಿಲ್ಲೆ ಅಂಟಿಸಿ ಫೋನಿನಲ್ಲಿ ಎಲ್ಲ ಕೂಡಿಸಿ ಕೊಟ್ಟಳು, ಅಕ್ಕಾ, ಪ್ಯಾಟ್ಯಾಗ ಎಲ್ಲಾರಿಗೂ ಹಂಚೋ ಊಟದ ಚೀಟಿ ನಾ ನಿಮಗ ಕೊಡಂಗಿಲ್ಲ, ಒಬ್ಬೊಬ್ಬರ ಮೈ ಒಂದೊಂದು ಥರ ಐತ್ರಿ, ನೀವು ಉಂಡಿದ್ದು ಉಂಡಂಗ ಫೋಟೋ ಹಿಡೀರಿ, ನಿಮ್ಮ ಮೈಯೇ ಹೇಳ್ತೈತಿ, ಹಿಡಿದೆ, ಊಟದ ತಾಟಿನ ಮುಂದೆ ಫೋನು ಹಿಡಿದರೆ ಅತ್ತೆ, ಉಣ್ಣೋ ಅನ್ನಕ್ಕ ದೃಷ್ಟಿ ತಗಲ್ತೈತಿ ಅಂತ ಉಪ್ಪು ನೀವಾಳಿಸಿ ಒಲೆಗೆ ಹಾಕಿದರು, ಹಾಕಲಿ, ಉಪ್ಪು ಚಟಪಟ ಅಂದಿತು, ನಾನು ಫೋಟೋ ಹಿಡಿದೆ. ಎಲ್ಲರೂ ಹೊಗಳುವ ನವಣೆ ಅನ್ನ ನನ್ನ ಮೈಗೆ ಆಗಿಬರಲಿಲ್ಲ, ಗೆರೆ ಮಸ್ಕಿ ಗುಡ್ಡದ ಹಾಗೆ ಎದ್ದು ನಿಂತಿತು, ಬೆಳಗಿನ ಮಂಡಕ್ಕಿ ಒಗ್ಗರಣಿ ಇನ್ನೂ ಮೇಲೆ, ಅದೇ ಅವ್ವನ ಮನೆಯ ಒಣಗಿಸಿದ ಕಟಕು ರೊಟ್ಟಿಗೆ ಗೆರೆ ಕದಲಲೇ ಇಲ್ಲ, ಪುಂಡಿಪಲ್ಯ ಮೊದಲು ಉಂಡರಂತೂ ಇಲ್ಲವೇ ಇಲ್ಲ, ಆ ಫೋನಿನೊಳಗಿನ ಊಟದ ಪಟ್ಟಿಯಲ್ಲಿ ಪುಂಡಿಪಲ್ಯ ಅನ್ನುವ ಹೆಸರೇ ಇಲ್ಲ, ಹುಡುಕಿ ಹುಡುಕಿ ಸಾಕಾಗಿ ಬೇರೆ ಯಾವುದೋ ಸೊಪ್ಪು ಒತ್ತುತ್ತೇನೆ, ಅದಕ್ಕೆ ನಮ್ಮ ಊಟ ಗೊತ್ತಿಲ್ಲದಿದ್ದರೆ ಕಲಿಯಲಿ, ಇನ್ನು ಅಕ್ಕಿ — ದಢೇಸುಗೂರಿನ ಕಾಲುವೆ ಹೊಲದ ಅಕ್ಕಿ, ಮಾವ ಊಟಕ್ಕೆ ಕೂತವರಿಗೆಲ್ಲ ಒಂದು ಅಗುಳು ಕೈಯಲ್ಲಿ ಹಿಡಿದು ತೋರಿಸುವ ಅಕ್ಕಿ, ಒಂದು ಮುಟಿಗೆ ಉಂಡರೆ ಸಾಕು ಗೆರೆ ಗಡಿ ದಾಟುತ್ತದೆ, ನಾನು ಅನ್ನದ ಬೋಗುಣಿ ಆಚೆ ಸರಿಸಿದ ದಿನ ಮಾವ ಕೈ ತೊಳೆದು ಎದ್ದರು, ನಮ್ಮ ಅನ್ನಕ್ಕ ಹೆಸರಿಡಾಕ ಬಂದ್ಯಾ ತಂಗಿ, ಮಸ್ಕ್ಯಾಗ ನಿಮ್ಮಪ್ಪ ಇಂಥಾ ಅಕ್ಕಿ ನೋಡ್ಯಾನೇನು. ನೋಡಿಲ್ಲ, ನಮ್ಮಪ್ಪ ಜೋಳ ತಿಂದು ಜೋಳ ಬೆಳೆದವನು, ಆವತ್ತು ನನ್ನ ನಾಲಿಗೆಯ ತುದಿಗೆ ಬಂದದ್ದು ಬೇರೆ, ನಿಮ್ಮ ಅಕ್ಕಿ ಉಂಡ ಕೂಸನ್ನು ಮಣ್ಣಿಗೆ ಕೊಟ್ಟಿದ್ದೀರಿ ಅಂತ, ಅದನ್ನು ನುಂಗಿದೆ, ಅಕ್ಕಿಯ ತಪ್ಪಲ್ಲ ಅಂತ ನನಗೂ ಗೊತ್ತು, ಅದೇ ಅಕ್ಕಿ ಚನ್ನವೀರ ತಾಟು ತುಂಬ ಉಂಡು ಏನೂ ಆಗದೆ ಓಡಾಡುತ್ತಾನೆ, ನನ್ನ ಮೈಗೆ ಆಗಿಬರುವುದಿಲ್ಲ, ಅಷ್ಟೇ, ಇಷ್ಟು ಸಣ್ಣ ಮಾತು, ಇದನ್ನು ಹೇಳಲು ನನಗೆ ತೋಳಿನಲ್ಲೊಂದು ಸಾಕ್ಷಿ ಬೇಕಾಯಿತು.

ಐದನೆಯವಳು ದಾವಲ್‌ಬೀ, ಮುತ್ತೈದೆ ಲೆಕ್ಕಕ್ಕೆ ಅವಳು ಬಾರಳು ಅಂತ ತುರ್ವಿಹಾಳದವರು ಗೊಣಗಿದರು, ಅತ್ತೆ ಕೇಳಲಿಲ್ಲ, ಕುಬಸ ಹೊಲಿದಾಕಿ ಕೈಲೇ ಒಂದು ತುತ್ತು ಬೇಕು, ನಮ್ಮ ಓಣ್ಯಾಗ ಹಂಗs ನಡಕೊಂಡ ಬಂದೈತಿ ಅಂದರು, ಅತ್ತೆಯಲ್ಲಿ ಹೀಗೊಂದು ಒಳ್ಳೆಯದು ಇಣುಕಿ ನನ್ನ ಸಿಟ್ಟನ್ನೆಲ್ಲ ಕೆಡಿಸುತ್ತದೆ, ದಾವಲ್‌ಬೀ ಉಗುರಿನಷ್ಟೇ ಚೂರು ಮುರಿದು ನಾಲಿಗೆಯ ಮೇಲಿಟ್ಟು ಕಣ್ಣಲ್ಲೇ ನಕ್ಕಳು, ಐದು ಮುಗಿಯಿತು, ಗೆದ್ದೆ, ಇನ್ನು ಆರತಿ, ಇನ್ನು ಏಳಬಹುದು, ಬೆನ್ನು ಸೋತಿದೆ, ಒಳಗಿನವನೋ ಒಳಗಿನವಳೋ ಪಕ್ಕೆಗೆ ಒದ್ದು ಮಗ್ಗುಲು ಬದಲಿಸುತ್ತಿದೆ — ಅಷ್ಟರಲ್ಲಿ ಅವ್ವನ ಮಡಿಲು ಕೂಗಿಕೊಂಡಿತು. ಕೀಂ ಕೀಂ ಕೀಂ, ಬಿಡದೆ, ಆರತಿ ಹಾಡು ಎತ್ತಿದವರು ಅರ್ಧಕ್ಕೆ ನಿಂತರು, ಅವ್ವ ಗಾಬರಿಯಿಂದ ಸೆರಗು ಸರಿಸಿದಳು, ಫೋನಿನ ಮುಖ ಪೂರಾ ಕೆಂಪು, ಕೆಂಪಿನ ನಡುವೆ ಬಾಣ, ಬಾಣದ ತುದಿ ಕೆಳಗೆ. ಸಕ್ಕರೆ ಇಳಿದಿದೆಯಂತೆ, ಇಳಿಯುತ್ತಲೇ ಇದೆಯಂತೆ, ಅತ್ತೆಯ ಕಣ್ಣು ಆ ಕೆಂಪಿನ ಮೇಲೆ ಬಿದ್ದದ್ದನ್ನು ನಾನು ನೋಡಿದೆ, ಅವರ ಮುಖ ಬಿಳುಚಿದ್ದನ್ನೂ ನೋಡಿದೆ, ಯವ್ವಾ, ಕೆಂಪ ಬಂತು, ಬಾಣ ಕೆಳಗೈತಿ, ಸರೀರಿ ಎಲ್ಲಾರೂ ಸರೀರಿ, ಹೋಳಿಗಿ ತರ್ರಿ, ಇಡೀದು ತರ್ರಿ, ತುಪ್ಪ ಹಾಕ್ರಿ, ಈ ಮಾತು ಅವರಿಗೆ ಕಲಿಸಿದವಳು ನಾನೇ. ನಾನೇ ಕೂರಿಸಿಕೊಂಡು ಕಲಿಸಿದ್ದೆ, ಬೆಳಿಗ್ಗೆ ನಾನು ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತೇನೆ ಅತ್ತೇ, ಒಮ್ಮೊಮ್ಮೆ ಅದು ಹೆಚ್ಚಾಗಿ ಸಕ್ಕರೆ ಪೂರಾ ಇಳಿಯಬಹುದು, ಆಗ ನನಗೆ ಬುದ್ಧಿ ಸ್ಥಿಮಿತದಲ್ಲಿ ಇರುವುದಿಲ್ಲ, ಬೇಡ ಅಂತೀನಿ, ಜಗಳ ಆಡ್ತೀನಿ, ನೀವು ಕೇಳಬ್ಯಾಡ್ರಿ, ಕೆಂಪು ಬಂದು ಬಾಣ ಕೆಳಗೆ ಇದ್ದರೆ ಬಾಯಿ ಬಿಡಿಸಿ ಸಿಹಿ ಹಾಕಿರಿ, ಓದು ಬಾರದ ಅತ್ತೆ ಕೆಂಪು ಮತ್ತು ಬಾಣ ಎರಡನ್ನೇ ನೆನಪಿಟ್ಟುಕೊಂಡು ಮೂರು ತಿಂಗಳು ಆ ಫೋನನ್ನು ಕಾಯ್ದಿದ್ದಾರೆ.

ಬಂತು, ತುಪ್ಪದ ವಾಸನೆ ಮೊದಲು, ಆಮೇಲೆ ಬಳೆ, ಆಮೇಲೆ ಬೆರಳು, ಬೆಳ್ಳಿಯ ಸುತ್ತುಂಗುರದ ಬೆರಳು, ಮಡಿಚಿದ ಇಡೀ ಹೋಳಿಗೆ, ಬಾಯಿ ತಗಿ ಅಮೂಲ್ಯಾ, ಒಲ್ಲೆ ಅತ್ತೇ, ತಡೀರಿ ಅಂದೆ, ಅತ್ತೆ ಮಂದಿಯ ಕಡೆ ತಿರುಗಿದರು, ನೋಡಿದ್ರೇನು, ಒಲ್ಲೆ ಅನ್ನಾಕತ್ತಾಳ, ಹಿಂಗs ಅಂತೀನಿ ಅಂತ ಆಕೀನs ಹೇಳಿದ್ಲು, ಹಿಡೀರಿ ಆಕೀ ತಲಿ ಹಿಡೀರಿ — ಯಾರೋ ಹಿಂದಿನಿಂದ ನನ್ನ ತಲೆ ಹಿಡಿದರು, ಯಾರ ಕೈಯೋ ಗಲ್ಲಕ್ಕೆ ಬಂತು, ತುರ್ವಿಹಾಳದವರು ಅಂದರು, ಮಷೀನs ಹೇಳಾಕತ್ತೈತಿ ತಿನ್ನು ಅಂತ, ಮಷೀನಿನ ಮಾತೂ ಕೇಳವಲ್ಲಿ ಏನು, ಇಷ್ಟು ದಿನ ಈ ಮನೆಯಲ್ಲಿ ಮುಚ್ಚಿಡಬೇಕಾದ ದೆವ್ವ ಆಗಿದ್ದದ್ದು ಈಗ ದೇವರಾಯಿತು, ನಾನು ಹಲ್ಲು ಕಚ್ಚಿದೆ, ಹಲ್ಲು ಕಚ್ಚಿ ಯೋಚನೆ ಮಾಡು ಅಮೂಲ್ಯಾ, ನಿಜ ಇದ್ದರೆ, ನಿಜವಾಗಿಯೂ ಇಳಿದಿದ್ದರೆ, ನನ್ನ ಈ ಒಲ್ಲೆಯೇ ಬುದ್ಧಿ ತಪ್ಪಿದ ಒಲ್ಲೆ ಆಗಿದ್ದರೆ, ಒಳಗಿನ ಜೀವಕ್ಕೆ ಏನಾಗುತ್ತದೆ, ಸುಳ್ಳಿದ್ದರೆ, ಈ ಇಡೀ ಹೋಳಿಗೆ ಇಳಿದರೆ, ಇದರ ಹಿಂದೆ ಬರುವ ಉಂಡಿ, ಬೆಲ್ಲದ ಪಾನಕ ಇಳಿದರೆ, ಇವರು ಗಾಬರಿಯಲ್ಲಿ ಕೆಂಪು ಹೋಗುವತನಕ ತುರುಕುತ್ತಲೇ ಇರುತ್ತಾರೆ, ಗೆರೆ ಎಲ್ಲಿಗೆ ಹೋದೀತು, ಬೆರಳು ನೋಡು, ನಿನ್ನ ಬೆರಳು, ಐದನೇ ತಿಂಗಳಲ್ಲಿ ಒಂದು ಸಲ ನಿಜಕ್ಕೂ ಇಳಿದಿತ್ತಲ್ಲ, ಆಗ ಹೇಗಿತ್ತು, ಬೆರಳು ಗಡಗಡ ನಡುಗಿ ನೀರಿನ ಲೋಟ ಚೆಲ್ಲಿದ್ದೆ, ಕತ್ತಿನ ಹಿಂದೆ ತಣ್ಣನೆಯ ಬೆವರು, ಕಣ್ಣ ಮುಂದೆ ಹುಳ ಹಾರಿದವು, ಈಗ ನೋಡು, ಮಡಿಲಲ್ಲಿ ಬೆರಳು ಚಾಚಿದ್ದೇನೆ, ಹಸಿರು ಬಳೆ ಮೇಲೆ ಬೆಳಕು ನಿಂತಿದೆ, ಬೆರಳು ನಡುಗುತ್ತಿಲ್ಲ, ಕತ್ತು ಒಣಗಿದೆ, ಬಾಗಿಲಾಚೆ ಕಟ್ಟೆಯ ಮೇಲೆ ಕೂತ ಮಾವನ ಟೋಪಿಯ ಅಂಚು ಸ್ಪಷ್ಟ ಕಾಣುತ್ತಿದೆ, ನಾನು ಸರಿಯಿದ್ದೇನೆ, ನನ್ನ ಮೈ ನನಗೆ ಗೊತ್ತು, ಮತ್ತೆ ಇದು ಯಾಕೆ ಕೂಗುತ್ತದೆ — ತೋಳು. ಜೋಮು. ಅಶ್ವಿನಿ ಅಂದಿದ್ದಳು, ಎಡಕ್ಕ ಮಗ್ಗಲಾಗಿ ಬಿಲ್ಲಿ ಮ್ಯಾಲ ಮಲಗಬ್ಯಾಡ್ರಿ ಅಕ್ಕಾ, ಒತ್ತಿದ್ರ ಅದಕ್ಕ ಸಕ್ಕರಿ ಸಿಗಂಗಿಲ್ಲ, ಸುಳ್ಳs ಕಡಿಮಿ ಅಂತ ತೋರಸ್ತೈತಿ, ಮಲಗಿಲ್ಲ ನಾನು, ಕೂತಿದ್ದೇನೆ, ಒತ್ತುತ್ತಿರುವುದು ಕುಬಸ.

ದಾವಲ್‌ಬೀ ಅಂತ ಕೂಗಿದೆ, ಹಲ್ಲು ಬಿಡದೆಯೇ ಕೂಗಿದೆ, ಈ ತೋಳಿಗೆ ಬೆರಳು ಹಾಕಿ ನೋಡು, ಅವಳು ಮುಂದೆ ಬಂದು ನನ್ನ ತೋಳಿನ ಅಂಚಿಗೆ ಬೆರಳು ಹಾಕಲು ನೋಡಿದಳು, ಬೆರಳು ಹೋಗಲಿಲ್ಲ, ನಾ ಜಾಗಾ ಬಿಟ್ಟಿದ್ನೆಲ್ಲ ಜಂಬಕ್ಕಾ, ಇದು ನನ್ನ ಹೊಲಿಗಿ ಅಲ್ಲ, ಅತ್ತೆ ಅವಳ ಕಡೆ ನೋಡಲಿಲ್ಲ, ಮೊದ್ಲು ಬಾಯಾಗ ಹೋಗಲಿ, ಹೊಲಿಗಿ ಆಮ್ಯಾಲ ನೋಡೂಣು, ಹೋಳಿಗೆ ತುಟಿಗೆ ತಾಗಿತು, ಬಿಸಿ, ತುಪ್ಪ ಜಾರಿ ಗಲ್ಲಕ್ಕೆ ಇಳಿಯಿತು, ಗಲ್ಲಕ್ಕೆ — ಜೇನು ಹೀಗೇ ಇಳಿದಿತ್ತು — ನಾನು ಬಲಗೈಯನ್ನು ಎಡ ಕಂಕುಳಿಗೆ ಹಾಕಿದೆ, ಹೊಲಿಗೆ ಕಟಕಟ ಅನ್ನುತ್ತಿದ್ದ ಜಾಗ ಸಿಕ್ಕಿತು, ಹಿಡಿದು ಎಳೆದೆ, ಮೊದಲನೆಯ ಸಲ ಬರಲಿಲ್ಲ, ಎರಡನೆಯ ಸಲ ಪರ್ ಅಂತ ಮೊಣಕೈತನಕ ಹರಿಯಿತು, ಕುಬಸದ ದಿನ ಕುಬಸ ಹರಿದವಳು ಈ ಓಣಿಯಲ್ಲಿ ನಾನೊಬ್ಬಳೇ ಇರಬೇಕು, ಅಪಶಕುನ, ಅಪಶಕುನ ಅಂತ ಯಾರೋ ಅಂದರು, ನನ್ನ ತಲೆ ಹಿಡಿದಿದ್ದ ಕೈ ಸುಟ್ಟವರ ಹಾಗೆ ಬಿಟ್ಟಿತು, ಹಸಿರು ಬಟ್ಟೆ ಜೋತುಬಿದ್ದು ತೋಳು ಹೊರಗೆ ಬಂತು, ಬಿಳಿ ಬಿಲ್ಲೆ, ಅದರ ಸುತ್ತ ಬಟ್ಟೆಯ ನೂಲಿನ ಗುರುತು ಮೂಡಿ ಕೆಂಪಾದ ಮಾಂಸ, ನೋಡಲಿ, ತುರ್ವಿಹಾಳ ಪೂರಾ ನೋಡಲಿ, ನೋಡ್ರಿ, ಇದs ಅದು, ನನಗ ಸಕ್ಕರಿ ಐತಿ, ಹೋದ ಸಲನೂ ಇತ್ತು, ಯಾರೂ ನೋಡಲಿಲ್ಲ, ಈ ಸಲ ನಾ ನೋಡಾಕತ್ತೀನಿ — ಇದನ್ನು ನಾನು ಬಾಯಿ ಬಿಟ್ಟು ಅಂದೆನೋ ಒಳಗೇ ಅಂದೆನೋ, ಅಂದೇ ಇರಬೇಕು, ಅವ್ವ ಬಾಯಿಗೆ ಸೆರಗು ಹಿಡಿದಳು, ಬಾಗಿಲಾಚೆ ಮಾವ ಎದ್ದು ನಿಂತರು, ಬೆರಳಿಗೆ ಚುಚ್ಚೋ ಮಷೀನ ತಾ ಅಂತ ಹೊರಗಿದ್ದ ಗಂಡನಿಗೆ ಕೂಗಿದೆ, ಹೆಂಗಸರ ನಡುವೆ ಯಾವತ್ತೂ ಕಾಲಿಡದ ಚನ್ನವೀರ ಆರತಿ ತಟ್ಟೆ ದಾಟಿ ಒಳಮನೆಗೆ ಓಡಿದ, ತಂದ, ಮಂಡಿಯೂರಿ ಕೂತ, ಅವನ ಕೈಯಲ್ಲಿ ಡಬ್ಬಿ ತೆಗೆಯಲಾಗಲಿಲ್ಲ, ಕಸಿದುಕೊಂಡು ನಾನೇ ತೆಗೆದೆ, ಅವ್ವ ತಂಬಿಗೆಯ ನೀರು ಹಾಕಿದಳು, ಸೆರಗಿನಲ್ಲಿ ಬೆರಳು ಒರೆಸಿದಳು, ಚುಚ್ಚಿದೆ.

ಒಂದು ಹನಿ, ಕುಂಕುಮದ ಬೊಟ್ಟಿನಷ್ಟು, ಯಂತ್ರ ಅದನ್ನು ಹೀರಿಕೊಂಡು ಯೋಚಿಸುತ್ತಿದೆ, ಅವ್ವನ ಮಡಿಲಲ್ಲಿ ಫೋನು ಇನ್ನೂ ಕೀಂ ಅನ್ನುತ್ತಿದೆ, ಅತ್ತೆಯ ಕೈ ಇನ್ನೂ ನನ್ನ ಬಾಯಿಯ ಮುಂದೆಯೇ ಇದೆ, ನಾನು ಉಸಿರಾಡುತ್ತಿದ್ದೇನೆ, ಜೋರಾಗಿ, ಮೂಗಿನಿಂದ, ತಪ್ಪಿದ್ದರೆ ತಪ್ಪಿದೆ, ತಿನ್ನುತ್ತೇನೆ, ಇಡೀ ಹೋಳಿಗೆ ತಿಂದು ಎಲ್ಲರ ಕಾಲಿಗೆ ಬೀಳುತ್ತೇನೆ, ಆದರೆ ತಪ್ಪಿಲ್ಲ — ಬಂತು, ನೂರಾ ಹದಿನೆಂಟು. ಎಷ್ಟರೀ ಅದು, ಕಡಿಮೀನೋ ಹೆಚ್ಚೋ ಅಂತ ದಾವಲ್‌ಬೀ ಕೇಳಿದಳು, ಚನ್ನವೀರ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದ, ಸರಿ ಐತಿ, ಎಷ್ಟಿರಬೇಕೋ ಅಷ್ಟs ಐತಿ, ಏನೂ ತಿನ್ನಸಬ್ಯಾಡ್ರಿ, ಅವನ ದನಿ ಇಷ್ಟು ದೊಡ್ಡದಿದೆ ಅಂತ ನನಗೆ ಗೊತ್ತಿರಲಿಲ್ಲ, ಅವ್ವ ಫೋನಿನ ಮೇಲೆ ಅಂಗೈ ಒತ್ತಿ ಅದರ ಬಾಯಿ ಮುಚ್ಚಿಸಲು ನೋಡುತ್ತಿದ್ದಾಳೆ, ಮುಚ್ಚಿಸಬೇಡ ಅವ್ವ, ಬಿಗಿ ಬಿಟ್ಟಿದೆ, ತಾನೇ ಸರಿಹೋಗುತ್ತದೆ, ಬಾಣ ತಾನೇ ಮೇಲೆ ತಿರುಗುತ್ತದೆ, ಇನ್ನು ಆರತಿ ಎತ್ತಿರಿ, ಹರಿದ ಕುಬಸಕ್ಕೇ ಎತ್ತಿರಿ, ಎತ್ತದಿದ್ದರೂ ನನಗೇನು, ನಾನು ಏಳುತ್ತೇನೆ, ಮಾಳಿಗೆ ಹತ್ತಿ ಓಡಾಡುತ್ತೇನೆ — ಆದರೆ ಈ ಕೈ. ಅತ್ತೆಯ ಕೈ ಇಳಿದಿಲ್ಲ. ಎಲ್ಲರೂ ಹಿಂದೆ ಸರಿದಿದ್ದಾರೆ, ಈ ಕೈ ಸರಿದಿಲ್ಲ, ನೂರಾ ಹದಿನೆಂಟು ಅವರಿಗೆ ಕೇಳಿಸಿಲ್ಲವೋ, ಕೇಳಿಸಿಯೂ ನಂಬಿಲ್ಲವೋ, ಕಣ್ಣು ನನ್ನ ಮುಖದ ಮೇಲಿಲ್ಲ, ತುಟಿಯ ಮೇಲಿದೆ, ಬಾಯಿ ತಗಿ ನನ್ನ ಬಂಗಾರ, ಸಣ್ಣಗೆ, ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ, ಬಂಗಾರ ಅಂತ ಅತ್ತೆ ನನ್ನನ್ನು ಯಾವತ್ತೂ ಕರೆದಿಲ್ಲ, ಈ ಮನೆಯಲ್ಲಿ ಆ ಹೆಸರಿನಿಂದ ಕರೆಸಿಕೊಂಡವಳು ಒಬ್ಬಳೇ, ಎರಡು ದಿನ ಇದ್ದವಳು. ಅವರ ಬೆರಳು ನಡುಗುತ್ತಿದೆ. ನನ್ನದಲ್ಲ, ಅವರದು, ಸುತ್ತುಂಗುರ ಬಳೆಗೆ ತಾಗಿ ಕಿಣಿಕಿಣಿ ಅನ್ನುತ್ತಿದೆ, ಹೋಳಿಗೆಯ ತುದಿಯಿಂದ ತುಪ್ಪ ಹನಿಯುತ್ತಿದೆ, ಅತ್ತೇ, ನಾ ಆರಾಮ ಅದೀನಿ, ಆ ಕೂಸಿಗೆ ಬಾಯಿ ತೆಗೆಯಲು ಆಗಲಿಲ್ಲ, ನಾನು ಒಲ್ಲೆ, ಎರಡೂ ಒಂದೇ ಅಲ್ಲ, ನೋಡ್ರಿ ನನ್ನ ಮುಖ ನೋಡ್ರಿ, ಅಂತ ಅನ್ನಬೇಕು, ಅನ್ನಬೇಕಾದರೆ ಬಾಯಿ ತೆಗೆಯಬೇಕು, ತೆಗೆದರೆ ಆ ಬೆರಳು ಒಳಗೆ ಬರುತ್ತದೆ, ತೆಗೆಯುವುದಿಲ್ಲ, ನಡುಗುತ್ತ ನಿಂತ ಬೆರಳು, ತುದಿಯಲ್ಲಿ ತುಪ್ಪ, ಅದರ ಮುಂದೆ ಮುಚ್ಚಿದ ತುಟಿ, ನನ್ನದು, ಬೆರಳು, ತುಪ್ಪ, ಮುಚ್ಚಿದ ತುಟಿ, ಬೆರಳು —